ದೊಡ್ಡಮ್ಮನ ದನಿ, ನನ್ನ ಪ್ರಬಂಧ

ನಾನು ಬಂದಿಳಿದ ಸಂಜೆ ಈ ಡಚ್ಚರ ಊರಿನಲ್ಲಿ ಯಾವ ಮನೆಯ ಕಿಟಕಿಗೂ ಪರದೆ ಎಳೆದಿರಲಿಲ್ಲ. ಬೀದಿಯಲ್ಲಿ ನಡೆದರೆ ಜನ ಉಣ್ಣುವುದು, ಮುನಿಸಿಕೊಳ್ಳುವುದು ಎಲ್ಲ ಕಾಣುತ್ತಿತ್ತು. ಒಬ್ಬರೂ ತಲೆಯೆತ್ತಲಿಲ್ಲ. ನಮ್ಮ ದಂಡಿನಶಿವರದಲ್ಲಿ ಬಾಗಿಲ ಮುಂದೆ ಹಾದುಹೋಗುವವರನ್ನು "ಊಟ ಆಯ್ತಾ" ಅನ್ನದೆ ಬಿಡುತ್ತೇವೆಯೇ?

ಇಲ್ಲಿನ ವಿಶ್ವವಿದ್ಯಾಲಯದಲ್ಲಿ ನಾನು ಓದುತ್ತಿರುವುದು ಮಾಧ್ಯಮ ಮತ್ತು ಡಿಜಿಟಲ್ ಸಂಸ್ಕೃತಿ. ಜನ ಫೋನನ್ನು ಹೇಗೆ ಬಳಸುತ್ತಾರೆ, ಫೋನು ಅವರನ್ನು ಹೇಗೆ ಬದಲಿಸುತ್ತದೆ ಎಂಬುದೇ ಪಾಠ. ಮಧ್ಯಾಹ್ನಕ್ಕೆ 'ಬೋಟರ್‌ಹಮ್', ಅಂದರೆ ಚೀಸು ಹಾಕಿದ ತಣ್ಣನೆಯ ಬ್ರೆಡ್ಡು. ಬಿಸಿ ಮುದ್ದೆ ಉಂಡು ಬೆಳೆದವಳಿಗೆ ಅದು ಊಟ ಅನಿಸಲು ತಿಂಗಳುಗಳೇ ಬೇಕಾದವು. ಎದುರುಗಾಳಿಗೆ ಸೈಕಲ್ ತುಳಿದು ರೂಮು ಸೇರುವಷ್ಟರಲ್ಲಿ ಮಾತಾಡಲೂ ತ್ರಾಣವಿರುತ್ತಿರಲಿಲ್ಲ. ಆಗ ನನ್ನನ್ನು ಸಾಕಿದ ದೊಡ್ಡಮ್ಮ ವಾಟ್ಸಾಪಿನಲ್ಲಿ ಕಳಿಸಿದ ದನಿ ಕೇಳುತ್ತ ಮಲಗುತ್ತಿದ್ದೆ. ಅವಳಿಗೆ ಓದು ಬರಹ ಬಾರದು.

"ಎಮ್ಮೆ ಕರ ಹಾಕ್ತು ಕಣೇ. ನಿಮ್ಮತ್ತಿಗೆ ಮತ್ತೆ ಮುನಿಸ್ಕಂಡವ್ಳೆ. ನಾನಂದೆ ಅಂತ ಹೇಳ್ಬ್ಯಾಡ."

ಪ್ರಬಂಧಕ್ಕೆ ಆ ದನಿಗಳನ್ನೇ ಆರಿಸಿಕೊಂಡೆ. ಮಾರ್ಗದರ್ಶಕಿಗೆ ವಿಷಯ ಹಿಡಿಸಿತು. ದೊಡ್ಡಮ್ಮನ ಒಪ್ಪಿಗೆ ಮಾತ್ರ ಬೇಕು ಎಂದರು. ಒಪ್ಪಿಗೆ ಪತ್ರವನ್ನು ಕನ್ನಡಕ್ಕೆ ತಂದು ಫೋನಿನಲ್ಲಿ ಓದಿದೆ: "ನಿಮ್ಮ ಮಾತುಗಳನ್ನು ಸಂಶೋಧನೆಗೆ ಬಳಸಲಾಗುವುದು..."

"ನನ್ಗ್ಯಾಕೆ 'ನಿಮ್ಮ' ಅಂತೀಯೇ?" ಎಂದಳು.

"ಪತ್ರದಲ್ಲಿ ಹಂಗಿದೆ. ನಿನ್ನ ಹೆಸರು ಹಾಕಲ್ಲ ದೊಡ್ಡಮ್ಮ."

"ಇಷ್ಟ್ ದಿನದ್ನೂ ಮಡಿಕ್ಕಂಡಿದ್ದೀಯಾ?"

"ಹೂಂ."

"ನಾನ್ ಮಾತಾಡಿದ್ದು ನಿನ್ ತಾವ ಕಣೇ. ಹೋಗ್ಲಿ ಬುಡು. ನಿನ್ ಓದ್ಗೆ ಆಗೋದಾದ್ರೆ ಹಾಕ್ಕೊ."

ಮರುದಿನ ಅವಳು ಕಳಿಸಿದ ಸಂದೇಶ ನೆಂಟರ ಮನೆಗೆ ಕಾಗದ ಬರೆಸಿದಂತಿತ್ತು: "ನಮಸ್ಕಾರ. ಇಲ್ಲಿ ಎಲ್ಲಾರೂ ಕ್ಷೇಮ. ಅಲ್ಲಿ ನೀನೂ ಕ್ಷೇಮ ಅಂತ ನಂಬಿದ್ದೀನಿ." ಅದನ್ನು ಎರಡು ಸಲ ಕೇಳಿ ಅತ್ತೆ.

ವಿಷಯ ಕೈಬಿಡುತ್ತೇನೆ ಎಂದಾಗ ಮಾರ್ಗದರ್ಶಕಿ, "ಅವರು ಒಪ್ಪಿದ್ದಾರಲ್ಲ!" ಎಂದು ಬೆರಗಾದರು. ಒಪ್ಪಿದ ಮೇಲಿನ ಆ ದನಿ ಅವರಿಗೆ ಹೇಗೆ ಅರ್ಥವಾದೀತು? ಅರ್ಧ ಸೆಮಿಸ್ಟರಿನ ಕೆಲಸ ಹೋಯ್ತು. ಬೇರೆ ವಿಷಯ ಹಿಡಿದೆ. ದೊಡ್ಡಮ್ಮನಿಗೆ ಹೇಳಿದರೆ, "ಅಯ್ಯೋ, ನನ್ನಿಂದ ನಿನ್ ಓದು ಕೆಡ್ತಾ?" ಎಂದು ಅದಕ್ಕೂ ನೊಂದಳು.

ತರಗತಿಯಲ್ಲಿ ಭಾರತದ ಹಳ್ಳಿಯ ಮಾತು ಬಂದರೆ ಎಲ್ಲ ಮುಖಗಳೂ ನನ್ನ ಕಡೆ ತಿರುಗುತ್ತವೆ, ಇಡೀ ಊರೇ ನಾನು ಎಂಬಂತೆ. ರಜೆಗೆ ಊರಿಗೆ ಹೋದಾಗ ಜಗಲಿಯಲ್ಲಿ ಹೆಂಗಸರ ಹರಟೆ ಜೋರಾಗಿತ್ತು. ನಾನು ಹೋಗಿ ಕೂತೆ. "ಹುಷಾರು ಕಣ್ರೀ, ಇವ್ಳು ಬರ್ಕತಾಳೆ," ಎಂದು ಒಬ್ಬಳು ನಕ್ಕಳು. ದೊಡ್ಡಮ್ಮನೂ ನಕ್ಕಳು. ನಾನೂ ನಕ್ಕು ಫೋನನ್ನು ಚೀಲದೊಳಗೆ ಹಾಕಿದೆ. ಹರಟೆ ಮುಂದುವರಿಯಿತು, ನನ್ನೆದುರು ಆಡಬಹುದಾದಷ್ಟು ಮಾತ್ರ.