ಕೂಡಿಸಿದರೆ ಕುದುರೆ ಕೆಡುತ್ತದೆ

ಊರಿನ ಅರ್ಧ ಗೋಡೆಗಳ ಮೇಲೆ ಬೋರ್ಡಕ್ಕನ ಕೈಬರಹವಿದೆ. ಅಂಗಡಿಗಳಿಗೆ ಬೋರ್ಡು ಬರೆದು ಬರೆದು ಅವಳಿಗೆ ಆ ಹೆಸರೇ ನಿಂತುಬಿಟ್ಟಿದೆ. ಓದಿದ್ದು ನಾಲ್ಕನೇ ತರಗತಿ. ಆದರೆ ಅಳತೆಯ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗದು. ಏಣಿಯ ಕೆಳಗೆ ನಿಂತು, "ಆ ಅಕ್ಷರದ ಹೊಟ್ಟೆ ಒಂದು ನೂಲು ಜಾಸ್ತಿ ಆಯ್ತು" ಎಂದರೆ ಜಾಸ್ತಿ ಆಗಿರುತ್ತದೆ, ಅಷ್ಟೆ.

ಅಂಥವಳ ಮಗಳು ಹತ್ತನೇ ತರಗತಿಯ ರೇಖಾಗಣಿತದಲ್ಲಿ ಎರಡು ಸಲ ಮುಗ್ಗರಿಸಿದ್ದಳು. ಸೋಮವಾರ ಮೂರನೆಯ ಕಿರುಪರೀಕ್ಷೆ. ಅದರಲ್ಲೂ ಬಿದ್ದರೆ ಈ ವರ್ಷ ದೊಡ್ಡ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಮೇಷ್ಟ್ರು ಖಡಾಖಂಡಿತವಾಗಿ ಹೇಳಿದ್ದರು. ಭಾನುವಾರ ಬೆಳಿಗ್ಗೆ ಹುಡುಗಿ ಪುಸ್ತಕ ಮುಚ್ಚಿಟ್ಟಳು.

"ನಾಳೆ ನಾನು ಹೋಗಲ್ಲಮ್ಮ. ನಿನ್ ಜೊತೆ ಬ್ರಶ್ ಹಿಡೀತೀನಿ."

ಬೋರ್ಡಕ್ಕ ಗದರಲಿಲ್ಲ. "ಹಿಡಿಯೋದಾದ್ರೆ ನಾಳೆ ಯಾಕೆ, ಇವತ್ತೇ ಬಾ" ಎಂದು ಬಣ್ಣದ ಡಬ್ಬಿಯನ್ನು ಅವಳ ಕೈಗಿಟ್ಟಳು.

ಕೆಲಸ ಹಲ್ಲಿನ ಆಸ್ಪತ್ರೆಯ ಹೊರಗೋಡೆಯದು. ಡಾಕ್ಟ್ರಮ್ಮ ಒಂದು ಕಾರ್ಡು ಕೊಟ್ಟಿದ್ದರು: ಹಿಂಗಾಲ ಮೇಲೆ ನಿಂತು ಹಲ್ಲುಜ್ಜುತ್ತಿರುವ ಕುದುರೆ, ನಾಲ್ಕಂಗುಲ ಅಗಲ, ಆರಂಗುಲ ಎತ್ತರ. ಗೋಡೆಯ ಮೇಲೆ ಅದು ಅರವತ್ತಂಗುಲ ಎತ್ತರ ನಿಲ್ಲಬೇಕು.

"ಅಗಲ ಎಷ್ಟಿಡೋಣ? ನೀನೇ ಹೇಳು."

"ಆರು ಹೋಗಿ ಅರವತ್ತಾಯ್ತು ಅಂದ್ರೆ ಐವತ್ತನಾಲ್ಕು ಜಾಸ್ತಿ. ನಾಲ್ಕಕ್ಕೂ ಅಷ್ಟೇ ಕೂಡಿಸಿದ್ರೆ ಐವತ್ತೆಂಟು."

ತಪ್ಪೆಂದು ಬೋರ್ಡಕ್ಕನಿಗೆ ಆಗಲೇ ಗೊತ್ತು. ಆದರೂ ಸೀಮೆಸುಣ್ಣ ಕೊಟ್ಟಳು. ಮಗಳು ಒಂದು ಗಂಟೆ ಹೆಣಗಾಡಿ ಐವತ್ತೆಂಟಂಗುಲದ ತುಂಬ ಕುದುರೆಯನ್ನು ಬಿಡಿಸಿದಳು. ಬಾಗಿಲಿಗೆ ಬಂದ ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ, ಇದು ಕುದುರೇನಾ ಎಮ್ಮೇನಾ? ಎರಡೂ ದವಡೆ ಬಾತಿದೆ! ಒಳಗೆ ಕಳ್ಸಿ ಅಕ್ಕ, ಹಲ್ಲು ಕಿತ್ತು ಕಳಿಸ್ತೀವಿ."

ಮಗಳ ಮುಖ ಸಣ್ಣದಾಯಿತು. ತಾಯಿ ಒದ್ದೆ ಬಟ್ಟೆಯಿಂದ ಗೋಡೆ ಒರೆಸಿದಳು. ಆಮೇಲೆ ಕಾರ್ಡಿನ ಮೇಲೆ ಪೆನ್ಸಿಲಿನಿಂದ ಅಂಗುಲಕ್ಕೊಂದರಂತೆ ಗೆರೆ ಎಳೆದಳು. ಅಡ್ಡಕ್ಕೆ ನಾಲ್ಕು ಮನೆ, ಎತ್ತರಕ್ಕೆ ಆರು ಮನೆ.

"ಗೋಡೆ ಮೇಲೂ ಆರೇ ಮನೆ. ಒಂದೊಂದು ಎಷ್ಟೆತ್ತರ ಬರುತ್ತೆ?"

"ಹತ್ತಂಗುಲ."

"ಮನೆ ಚೌಕ ತಾನೆ? ಅಗಲ ಎಷ್ಟು ಮತ್ತೆ?"

"ಅದೂ ಹತ್ತು. ನಾಲ್ಕು ಮನೆ... ನಲವತ್ತು!" ಹುಡುಗಿ ಸೀಮೆಸುಣ್ಣ ಹಿಡಿದು ಹಾಗೇ ನಿಂತಳು. "ಅಮ್ಮಾ, ತ್ರಿಭುಜದ ಲೆಕ್ಕದಲ್ಲೂ ನಾನು ಕೂಡಿಸ್ತಾನೇ ಇದ್ದೆ! ಎರಡು ಸಲಾನೂ! ಅನುಪಾತ ಅಂದ್ರೆ ಇದೇನಾ?"

"ಅದಕ್ಕೇನಂತಾರೋ ನಂಗೊತ್ತಿಲ್ಲ ಕಣೆ. ಮೂಗು ಎಷ್ಟು ಪಟ್ಟು ಬೆಳೀತೋ ಕಿವೀನೂ ಅಷ್ಟೇ ಪಟ್ಟು ಬೆಳೀಬೇಕು. ಇಲ್ದಿದ್ರೆ ಕುದುರೆಗೆ ತನ್ನ ಗುರುತು ತನಗೇ ಸಿಗಲ್ಲ."

ಸಂಜೆಯ ಹೊತ್ತಿಗೆ ಕುದುರೆ ಗೋಡೆಯ ಮೇಲೆ ಠೀವಿಯಿಂದ ನಿಂತಿತ್ತು. ಸೋಮವಾರ ಹುಡುಗಿ ಯಾರೂ ಹೇಳದೆಯೇ ಶಾಲೆಗೆ ಹೊರಟಳು.

ಗುರುವಾರ ಉತ್ತರಪತ್ರಿಕೆ ಬಂತು: ಇಪ್ಪತ್ತೈದಕ್ಕೆ ಹದಿನೆಂಟು. ಬೋರ್ಡಕ್ಕ ಅಂಕಿಗಳ ಗೋಜಿಗೆ ಹೋಗಲಿಲ್ಲ. ಸ್ಕೇಲಿಟ್ಟು ಬರೆದ ತ್ರಿಭುಜಗಳ ಜೋಡಿಗಳ ಮೇಲೆ ಕಣ್ಣಾಡಿಸಿ, ಒಂದರ ಮೇಲೆ ಬೆರಳಿಟ್ಟಳು.

"ಇವೆರಡೂ ಒಂದೇ ಮುಖದವಲ್ಲ. ಮತ್ತೆ ಕೂಡಿಸಿದ್ಯಾ?"

ಮೇಷ್ಟ್ರು ಆ ಲೆಕ್ಕವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದು ಹಿಂಬದಿಯ ಪುಟದಲ್ಲಿತ್ತು. ಬೋರ್ಡಕ್ಕ ಇನ್ನೂ ಪುಟ ತಿರುವಿರಲಿಲ್ಲ.

"ಹ್ಞೂಂ... ಗಡಿಬಿಡೀಲಿ."

"ದೊಡ್ಡ ಪರೀಕ್ಷೇಲಿ ನಿಧಾನ ಮಾಡು" ಎಂದು ಬೋರ್ಡಕ್ಕ ಏಣಿಯನ್ನು ಹೆಗಲಿಗೇರಿಸಿ ಕೆಲಸಕ್ಕೆ ಹೊರಟಳು.