ತೆಂಗಿನೆಣ್ಣೆ ಕುಡಿದ ಪಿಸ್ತೂಲು

ನನ್ನ ಸೋದರಮಾವನ ಪಿಸ್ತೂಲಿಗೆ ಹೆದರಿ ಈವರೆಗೆ ಒಂದು ಕಾಗೆಯೂ ಹಾರಿದ್ದಿಲ್ಲ. ಆದರೂ ಬೆಂಗ್ರೆಯಿಂದ ಮೀನು ಬಂದರಿನ ದಕ್ಕೆಯವರೆಗೆ ಅದರ ಕೀರ್ತಿ ದೊಡ್ಡದು. ಮಾಮನೇ ಬೋಟು ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಮೀನು ಏಲಂ ಆದ ಹಣವನ್ನು ಚೀಲದಲ್ಲಿ ಹಾಕಿಕೊಂಡು ಬರಬೇಕಿತ್ತು. ಅದಕ್ಕೆಂದು ಲೈಸೆನ್ಸ್ ಮಾಡಿಸಿ ತಂದದ್ದು. ಈಗ ಹಣ ಫೋನಿನಲ್ಲೇ ಬರುತ್ತದೆ, ಬೋಟು ಮಗಳ ಕೈಯಲ್ಲಿದೆ. ಪಿಸ್ತೂಲು ಮಾತ್ರ ಬೋಳಾರದ ಮನೆಯ ಕಪಾಟಿನಲ್ಲಿ ಮಲಗಿದ್ದು, ವರ್ಷಕ್ಕೊಮ್ಮೆ ಆಯುಧಪೂಜೆಗೆ ಎದ್ದು ಬರುತ್ತಿತ್ತು.

ಆ ದಿನ ಮಾಮನ ಕಾರ್ ಶೆಡ್ ನೋಡಬೇಕು. ಕಾರು, ಸ್ಪ್ಯಾನರ್, ಮಿಕ್ಸಿ, ತೆಂಗಿನಕಾಯಿ ಸುಲಿಯುವ ಯಂತ್ರ, ಎಲ್ಲದಕ್ಕೂ ಗಂಧ, ಕುಂಕುಮ, ಗೊಂಡೆಹೂ. ನಟ್ಟನಡುವೆ ಹಿತ್ತಾಳೆಯ ಹರಿವಾಣದಲ್ಲಿ ಪಿಸ್ತೂಲು. ಮಾಮಿಗೆ ಒಂದೇ ಒಂದು ಆಸೆ, ತನ್ನ ಮೆಟ್ಟುಕತ್ತಿಯನ್ನೂ ಅಲ್ಲಿಡಬೇಕು ಅಂತ. ಮೀನಾಗಲಿ ತರಕಾರಿಯಾಗಲಿ ಅವರು ಹೆಚ್ಚುವುದು ಅದರಲ್ಲೇ.

"ಈ ಮನೆಯಲ್ಲಿ ದಿನಾ ಕೆಲಸ ಮಾಡುವ ಆಯುಧ ಅದೊಂದೇ" ಎನ್ನುತ್ತಿದ್ದರು ಮಾಮಿ.

"ಅದೆಂತ ಆಯುಧ? ಅಡಿಗೆ ಸಾಮಾನು" ಎನ್ನುತ್ತಿದ್ದರು ಮಾಮ.

"ಹಾಗಾದ್ರೆ ಮಿಕ್ಸಿ?" ಎಂದು ನಾನು ಕೇಳಿದ್ದಕ್ಕೆ, "ಮಿಕ್ಸಿಗೆ ಮೋಟಾರ್ ಉಂಟು" ಎಂಬ ಉತ್ತರ ಬಂತು. ಇಂಥವರೊಡನೆ ವಾದ ಮಾಡಿದರೆ ನಮ್ಮ ಬಾಯಿ ನೋಯುತ್ತದೆ, ಅಷ್ಟೆ.

ಕಳೆದ ವರ್ಷ ಎಡವಟ್ಟಾದದ್ದು ಮಾಮನ ಇನ್ನೊಂದು ಶಾಸ್ತ್ರದಿಂದ. ಖಾಲಿ ಇದ್ದದ್ದನ್ನು ಪೂಜೆಗೆ ಇಡಬಾರದಂತೆ. ಅಕ್ಕಿ ಡಬ್ಬ ಖಾಲಿ ಇಡುವುದಿಲ್ಲ, ಪರ್ಸ್ ಖಾಲಿ ಇಡುವುದಿಲ್ಲ, ಮತ್ತೆ ಪಿಸ್ತೂಲನ್ನು ಇಡುವುದು ಹೇಗೆ? ಹಾಗಾಗಿ ಮ್ಯಾಗಜಿನ್ ತುಂಬಿಸಿದರು. ಅಲ್ಲಿಗೂ ಸಮಾಧಾನ ಆಗದೆ, ಒಂದು ಗುಂಡು ನಳಿಗೆಯೊಳಗೂ ಇರಲಿ ಎಂದು ಮೇಲಿನ ಸ್ಲೈಡನ್ನು ಮೆಲ್ಲ ಎಳೆದು, ಮೆಲ್ಲ ಬಿಟ್ಟರು. ಅದು ಅರ್ಧ ದಾರಿಗೆ ಬಂದು ನಿಂತಿತು. ಗುಂಡು ಒಳಗೂ ಹೋಗದೆ ಹೊರಗೂ ಬಾರದೆ ಅಲ್ಲೇ ಸಿಕ್ಕಿಕೊಂಡಿತು.

"ಎಂತ ಇಲ್ಲ, ಒಂದು ತೊಟ್ಟು ಎಣ್ಣೆ ಬಿಟ್ಟರೆ ಆಯ್ತು" ಎಂದು ಮಾಮ ಪಿಸ್ತೂಲು ಹಿಡಿದುಕೊಂಡೇ ಎಣ್ಣೆ ಕುಪ್ಪಿಗಾಗಿ ಸುತ್ತ ತಿರುಗಿದರು. ಅವರೊಡನೆ ನಳಿಗೆಯೂ ತಿರುಗಿತು. ಮೊದಲು ಕಾರಿನ ಕಡೆಗೆ, ಆಮೇಲೆ ಮಾಮಿಯ ಕಡೆಗೆ, ಆಮೇಲೆ ನನ್ನ ಕಡೆಗೆ. ಮೊಣಕಾಲು ನೋವಿನಿಂದ ಕುರ್ಚಿ ಬಿಟ್ಟೇಳಲಾಗದ ಮಾಮಿ ಅಂದು ಕ್ಷಣದಲ್ಲಿ ಕಾರಿನ ಹಿಂದೆ ಕೂತಿದ್ದರು.

ನಾನು ಕಂಕನಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು, ಗಂಟಲಿಗೆ ಕೊರತೆಯಿಲ್ಲ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ನಮ್ಮ ಹವಾಲ್ದಾರರು ಕಲಿಸಿದ ಕಿರುಚಾಟವೂ ನೆನಪಿತ್ತು.

"ಮಾಮ! ಬೆರಳು ಟ್ರಿಗರಿಂದ ಹೊರಗೆ! ನಳಿಗೆ ಹೊಯ್ಗೆ ಕಡೆಗೆ!"

ಶೆಡ್ಡಿನ ಮೂಲೆಯಲ್ಲಿ ಹೊಸ ಬಚ್ಚಲುಮನೆಗೆಂದು ತರಿಸಿದ ಮರಳು ಸೊಂಟದೆತ್ತರಕ್ಕೆ ರಾಶಿ ಬಿದ್ದಿತ್ತು. ಮಾಮ ಬೆಚ್ಚಿ, ಹೇಳಿದ ಹಾಗೆ ಕೇಳಿದರು. ನಳಿಗೆ ರಾಶಿಗೆ ಮುಖ ಮಾಡುವಂತೆ ಪಿಸ್ತೂಲನ್ನು ಹರಿವಾಣದಲ್ಲಿ ಮಲಗಿಸಿದೆವು. ಕೋವಿ ಅಂಗಡಿಯವರಿಗೆ ಫೋನ್ ಮಾಡಿದರೆ, "ಹಾಗೇ ಬಿಡಿ. ಕುಟ್ಟಬೇಡಿ, ಕೆದಕಬೇಡಿ, ಎಣ್ಣೆ ಹಾಕಬೇಡಿ, ಎದುರು ಯಾರೂ ನಿಲ್ಲಬೇಡಿ. ನಾಳೆ ಬೆಳಿಗ್ಗೆ ನಾನೇ ಬರ್ತೇನೆ. ಠಾಣೆಗೂ ಒಂದು ಮಾತು ತಿಳಿಸಿ" ಎಂದರು.

ಠಾಣೆ ಎಂದದ್ದೇ ತಡ, ಮಾಮನ ಮುಖ ಕಪ್ಪಿಟ್ಟಿತು. "ದಕ್ಕೆಯಲ್ಲಿ ಗೊತ್ತಾದರೆ ಮತ್ತೆ ನನಗೆ ಮರ್ಯಾದೆ ಉಂಟಾ ಮಾರಾಯ್ತಿ? ಬಲೆ ಎಳೆದ ಕೈ ಇದು. ಒಂದು ಗುಂಡು ತೆಗೀಲಿಕ್ಕೆ ಆಗುದಿಲ್ವಾ?" ಎಂದು ಕಟಿಂಗ್ ಪ್ಲೇಯರ್ ಹುಡುಕತೊಡಗಿದರು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಾಮ ಹಟ ಹಿಡಿದರೆ ನಾನಲ್ಲ, ಕಡಲೂ ತಡೆಯಲಾರದು.

ಅಷ್ಟರಲ್ಲಿ ಪೂಜೆಯ ಭಟ್ರು ಬಂದರು, ತಮ್ಮ ಸ್ಕೂಟರನ್ನೂ ಪೂಜೆಗೆಂದು ಒಳಗೆ ತಂದು ನಿಲ್ಲಿಸಿದರು. ನಾನು ಅವರನ್ನು ಬದಿಗೆ ಕರೆದು ವಿಷಯ ಹೇಳಿ, ಕಿವಿಯಲ್ಲಿ ಒಂದು ಉಪಾಯ ಊದಿದೆ. ಭಟ್ರ ಕಣ್ಣು ಮಿನುಗಿತು. ಮಾಮ ಕಟಿಂಗ್ ಪ್ಲೇಯರಿನೊಂದಿಗೆ ತಿರುಗುವಷ್ಟರಲ್ಲಿ ಮಂತ್ರ ಶುರುವಾಗಿತ್ತು. ಭಟ್ರು ಗೋಡೆಗೆ ಒರಗಿ ನಿಂತು, ದೂರದಿಂದಲೇ ಹೂ ಎಸೆದರು. ಅರ್ಧ ಹೂ ಹೊಯ್ಗೆಗೇ ಸಂದಿತು. ಗಂಟೆ ಬಾರಿಸಿ, ಆರತಿ ಎತ್ತಿ ಮುಗಿಸಿ ಘೋಷಿಸಿದರು:

"ಧಣಿಗಳೇ, ಪೂಜೆ ಆಯ್ತು. ಇನ್ನು ನಾಳೆ ಬೆಳಿಗ್ಗೆ ವಿಸರ್ಜನೆ ಆಗುವವರೆಗೆ ಇಲ್ಲಿದ್ದ ಒಂದು ವಸ್ತುವನ್ನೂ ಮುಟ್ಟುವಂತಿಲ್ಲ."

ಮಾಮ ಕೈಯಲ್ಲಿದ್ದ ಕಟಿಂಗ್ ಪ್ಲೇಯರನ್ನು ನೋಡಿದರು. ಅದಕ್ಕೂ ಕುಂಕುಮ ಹಚ್ಚಿತ್ತು. ಮೆಲ್ಲ ಕೆಳಗಿಟ್ಟರು. ಶಾಸ್ತ್ರ ಮೀರಲು ಅವರಿಂದ ಆಗದು. ನಾನು ಶೆಡ್ಡಿನ ಶಟರ್ ಎಳೆದು ಬೀಗ ಹಾಕಿ ಕೀಲಿಕೈಯನ್ನು ನನ್ನ ಚೀಲಕ್ಕೆ ಸೇರಿಸಿದೆ. ಠಾಣೆಗೂ ನಾನೇ ಫೋನ್ ಮಾಡಿದೆ. ಮಾಮಿ ಕಡೆಯುವ ಕಲ್ಲಿನಲ್ಲಿ ಚಟ್ನಿ ರುಬ್ಬಬೇಕಾಯಿತು. ಸ್ಕೂಟರ್ ಒಳಗೇ ಬಾಕಿಯಾದ ಭಟ್ರು, ನನ್ನನ್ನು ಗುರುಗುಟ್ಟಿ ನೋಡುತ್ತ ರಿಕ್ಷಾ ಹತ್ತಿದರು.

ಮರುದಿನ ವಿಸರ್ಜನೆಯ ಮಂತ್ರವನ್ನು ಭಟ್ರು ಶೆಡ್ಡಿನ ಹೊರಗಿನಿಂದಲೇ ಹೇಳಿದರು. ಅಂಗಡಿಯವರು ಬಂದು ನಮ್ಮನ್ನೆಲ್ಲ ಅಂಗಳದಾಚೆ ಕಳಿಸಿ, ಕಣ್ಣಿಗೆ ಕನ್ನಡಕ ಏರಿಸಿ, ನಳಿಗೆಯನ್ನು ಹೊಯ್ಗೆಯತ್ತಲೇ ಇಟ್ಟು ಸಿಕ್ಕಿಕೊಂಡ ಗುಂಡನ್ನು ಹೊರತೆಗೆದರು. ಮ್ಯಾಗಜಿನ್ ಬೇರೆ ಮಾಡಿ, ಒಳಗೆ ಏನೂ ಉಳಿದಿಲ್ಲವೆಂದು ನೋಡಿ, ಮತ್ತೊಮ್ಮೆ ನೋಡಿ, ಆಮೇಲೆ ನಮ್ಮನ್ನು ಕರೆದರು. ಬೆರಳಿಗೆ ಅಂಟಿದ ಹಳದಿ ಜಿಡ್ಡನ್ನು ಮೂಸಿದರು.

"ತೆಂಗಿನೆಣ್ಣೆಯಾ?"

"ಹೌದು, ನಮ್ಮದೇ ತೋಟದ್ದು" ಎಂದರು ಮಾಮ, ಹೆಮ್ಮೆಯಿಂದ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಪ್ರತಿ ವರ್ಷ ಧಾರಾಳವಾಗಿ ಕುಡಿಸಿದ್ದರಂತೆ.

ಅಂಗಡಿಯವರು ನಗಲಿಲ್ಲ. "ಅದು ಒಣಗಿ ಅಂಟಾಗಿದೆ. ಆದರೆ ಅದೊಂದೇ ಅಲ್ಲ. ಸ್ಲೈಡನ್ನು ಪೂರ್ತಿ ಎಳೆದು ಒಮ್ಮೆಲೇ ಬಿಟ್ಟುಬಿಡಬೇಕು. ಕೈ ತಡೆದರೆ ಹೀಗೇ ಸಿಕ್ಕಿಕೊಳ್ತದೆ. ಈಗ ಖಾಲಿ ಉಂಟು, ಎಳೆದು ನೋಡಿ" ಎಂದು ಒರೆಸಿದ ಪಿಸ್ತೂಲನ್ನು ಕೊಟ್ಟರು.

ಮಾಮ ಎಳೆದರು. ಸ್ಲೈಡ್ ಅರ್ಧಕ್ಕೆ ಬಂತು, ಕೈ ನಡುಗಿತು, ಬಿಟ್ಟುಹೋಯಿತು. ಇನ್ನೊಮ್ಮೆ ಎಳೆದರು. ಈ ಸಲ ಅರ್ಧಕ್ಕೂ ಬರಲಿಲ್ಲ. ನಡುಕ ಮೊಣಕೈವರೆಗೆ ಏರಿತು. ಎಷ್ಟು ದಿನದಿಂದ ಹೀಗಿತ್ತೋ, ಮಾಮ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದನ್ನು ನಾನೂ ನೋಡಿದ್ದೆ, ಗಮನಿಸಿರಲಿಲ್ಲ. ನನಗೆ ತುಂಬ ಸಂಕಟವಾಯಿತು.

ಮಾಮಿ ಸೆರಗಿನಿಂದ ಮಾಮನ ಕೈ ಒರೆಸಿದರು. "ಕೈಯಲ್ಲಿ ಎಣ್ಣೆ ಉಂಟು. ಹಾಗೆ ಜಾರ್ತದೆ" ಎಂದು ಅಂಗಡಿಯವರಿಗೆ ಹೇಳಿದರು.

ಮಾಮ ಹೆಂಡತಿಯ ಮುಖವನ್ನೇ ನೋಡಿದರು. ಆಮೇಲೆ, "ಇದನ್ನು ನೀವೇ ಕೊಂಡುಹೋಗಿ. ಮಾರುವ ಕಾಗದಪತ್ರ ಎಂತ ಉಂಟೋ ನಾಳೆ ಮಾಡುವಾ" ಎಂದರು.

ಈ ವರ್ಷದ ಆಯುಧಪೂಜೆಗೆ ನಾನು ಹೋದಾಗ ಹರಿವಾಣದಲ್ಲಿ ಮೆಟ್ಟುಕತ್ತಿ ಕೂತಿತ್ತು, ಮೈತುಂಬ ಗಂಧ, ತಲೆಗೊಂದು ಕೆಂಪು ದಾಸವಾಳ. ಹಚ್ಚಿದ್ದು ಮಾಮನೇ. ಭಟ್ರು ಈ ಸಲ ಹತ್ತಿರ ನಿಂತೇ ಹೂ ಹಾಕಿದರು, ಸ್ಕೂಟರ್ ಮಾತ್ರ ಗೇಟಿನ ಹೊರಗೆ ನಿಲ್ಲಿಸಿದ್ದರು.

"ನಾಳೆವರೆಗೆ ಅದನ್ನು ಮುಟ್ಟುವಂತಿಲ್ಲ ಅಲ್ವಾ ಭಟ್ರೇ?" ಎಂದು ಮಾಮಿ ಎಲ್ಲರಿಗೂ ಕೇಳುವ ಹಾಗೆ ಖಚಿತಪಡಿಸಿಕೊಂಡು, ಕುರ್ಚಿಯಲ್ಲಿ ಕಾಲು ಚಾಚಿ ಕೂತರು.

ತೊಂಡೆಕಾಯಿ ಹೆಚ್ಚಿದ್ದು ಮಾಮ, ಸಣ್ಣ ಚೂರಿಯಲ್ಲಿ. ಊಟಕ್ಕೆ ಕೂತಾಗ ಪಲ್ಯದಲ್ಲಿ ಒಂದು ತುಂಡು ಹೆಬ್ಬೆರಳಿನಷ್ಟು, ಇನ್ನೊಂದು ಅವಲಕ್ಕಿಯಷ್ಟು ತೆಳ್ಳಗೆ. ನಾನು ಬಾಯಿ ತೆರೆಯುವ ಮೊದಲೇ ಮಾಮ ಬಡಿಸುತ್ತ ಹೇಳಿದರು:

"ಎಂತ ನೋಡ್ತಿ? ಕೈಯಲ್ಲಿ ಎಣ್ಣೆ ಇತ್ತು."