ಫೋಟೋಗೆಂದು ಬಿಚ್ಚಿದ ಹಗ್ಗ

ಆ ದಿನ ಬೆಳಿಗ್ಗೆಯೂ ನಮ್ಮ ಯಜಮಾನರು ಟೀ ಲೋಟ ಹಿಡಿದು ಮಹಡಿಯ ಬಾಲ್ಕನಿಗೆ ಹೋದರು. ಹಗ್ಗಕ್ಕೆ ಬೆನ್ನು ಕೊಟ್ಟು ನಿಂತರು. ಅಲ್ಲಿನ ಮರದ ಕಟಾಂಜನ ಮುರಿದು ಬಿದ್ದು ಎಷ್ಟೋ ಕಾಲವಾಗಿತ್ತು. ಇವರು ಲಾರಿಗೆ ಮೂಟೆ ಹೇರಿ ಹಗ್ಗ ಬಿಗಿಯುವ ಕೆಲಸದವರು. ಮುರಿದ ಕಡೆ ದಪ್ಪ ಲಾರಿ ಹಗ್ಗವನ್ನೇ ಸುತ್ತಿ ಬಿಗಿದಿದ್ದರು.

ಕೆಳಗಿನ ಕೋಣೆಯ ಟೈಲರ್ ಕೂಗಿದ, "ಏನಣ್ಣ, ಇವತ್ತು ನಿನ್ನನ್ನೇ ಲೋಡ್ ಮಾಡ್ಬಿಟ್ರಾ?"

"ಈ ಮನೇನ ಕಟ್ಟಿ ನಿಲ್ಸಿರೋನೇ ನಾನು ಕಣೋ. ಇಲ್ದಿದ್ರೆ ಇಷ್ಟೊತ್ತಿಗೆ ನಿನ್ ಮಿಷನ್ ಮೇಲೆ ಬಿದ್ದಿರೋದು."

"ಬೆಳ್‌ಬೆಳಿಗ್ಗೆ ಬೀಳೋ ಮಾತು ಯಾಕ್ರೀ?" ಎಂದು ನಾನು ಬೈದೆ. ನಗುತ್ತಲೇ ಕೆಲಸಕ್ಕೆ ಹೋದರು.

ಇದು ಯಾರೋ ದೊಡ್ಡವರು ಕಟ್ಟಿಸಿದ ಹಳೇ ಮನೆ. ಈಗ ಕೋಣೆಗೊಂದು ಸಂಸಾರ ಬಾಡಿಗೆಗಿದ್ದೇವೆ. ನಮ್ಮ ದುಡಿಮೆಗೆ ಊರಲ್ಲಿ ಬೇರೆಲ್ಲೂ ತಲೆ ಮೇಲೆ ಸೂರು ಸಿಗುವುದಿಲ್ಲ. ಮಾಲೀಕನಿಗೆ ಇದನ್ನು ಕೆಡವುವ ಆಸೆ. ಹಳೇ ಕಟ್ಟಡ ಉಳಿಸುವ ಕಮಿಟಿಯವರು ಬಂದು ತಡೆದರು. ಅವತ್ತು ಇವರು ಕಮಿಟಿ ಸಾಹೇಬರಿಗೆ ಕೈ ಮುಗಿದಿದ್ದರು. ಆ ಮುಗಿದ ಕೈ ನೆನೆದರೆ ಈಗ ಮೈ ಉರಿಯುತ್ತದೆ.

ಕಬ್ಬಿಣದ ಕಂಬಿ ನಾವೇ ಹಾಕಿಸುತ್ತೇವೆ ಎಂದು ಕೇಳಿದ್ದೆವು. "ಹಳೇ ಥರದ ಮರಾನೇ ಆಗ್ಬೇಕಮ್ಮ, ಕಬ್ಬಿಣ ಹಾಕಿದ್ರೆ ಅಂದ ಕೆಡುತ್ತೆ" ಎಂದರು ಸಾಹೇಬರು. ಮರ ಬರಲೇ ಇಲ್ಲ.

ಆ ಮಧ್ಯಾಹ್ನ ಕಮಿಟಿಯವರು ಮನೆಯ ಫೋಟೋ ತೆಗೆಯಲು ಬಂದರು. ನಾನು ಆಸ್ಪತ್ರೆಯ ನೆಲ ಒರೆಸಲು ಹೋಗಿದ್ದೆ, ನಡೆದದ್ದು ಗೊತ್ತಾದದ್ದು ಆಮೇಲೆ. ಒಣಹಾಕಿದ್ದ ಬಟ್ಟೆ ತೆಗೆಸಿದರು. ಬಕೆಟ್ ಒಳಗಿಡಿಸಿದರು. ಹಗ್ಗ ಅಸಹ್ಯ ಕಾಣುತ್ತದೆಂದು ಬಿಚ್ಚಿಸಿದರು. ಫೋಟೋ ಆದಮೇಲೆ ಹಗ್ಗವನ್ನು ನೀಟಾಗಿ ಸುತ್ತಿ ಮೂಲೆಯಲ್ಲಿಟ್ಟು ಹೋದರು. ಮತ್ತೆ ಕಟ್ಟಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಸಂಜೆ ನಾನು ಒಳಮೆಟ್ಟಿಲು ಹತ್ತಿ ಬಂದೆ, ಬಾಲ್ಕನಿ ಕಡೆ ನೋಡಲಿಲ್ಲ. ಇವರೂ ಬಂದರು. ಟೀ ಕೊಟ್ಟೆ. "ಸಕ್ಕರೆ ಕಮ್ಮಿ ಕಣೇ" ಎನ್ನುತ್ತ, ನನ್ನ ಮುಖ ನೋಡುತ್ತಲೇ ಬಾಲ್ಕನಿಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟು ಬೆನ್ನು ಕೊಟ್ಟರು. ತಾವೇ ಬಿಗಿದ ಹಗ್ಗ, ತಿರುಗಿ ನೋಡುವುದೇನಿದೆ?

ಕೆಳಗೆ ಕಲ್ಲು ಹಾಸಿದ ಅಂಗಳ.

ಮಣ್ಣು ಮಾಡಿ ಬರುವಷ್ಟರಲ್ಲಿ ಮಾಲೀಕ ಬಂದಿದ್ದ. "ನೋಡಿದ್ರಾ, ಅದಕ್ಕೇ ಕೆಡವ್ಬೇಕು ಅಂದಿದ್ದು." ಅವನ ಹಿಂದೆಯೇ ಸಾಹೇಬರು. "ಎಲ್ರೂ ಖಾಲಿ ಮಾಡಿಬಿಡಿ. ಇಷ್ಟು ಜನ ಇದ್ರೆ ಮನೆಗೆ ಅಪಾಯ."

"ಮನೆಗೆ ಅಪಾಯಾನಾ ಸಾಹೇಬ್ರೇ? ಸತ್ತಿದ್ದು ಮನೇನಾ?" ಎಂದೆ. ಮಾಲೀಕನ ಕಡೆ ಕೈ ತೋರಿಸಿದೆ. "ಅವನಿಗೆ ಕೆಡವೋಕೆ ನನ್ ಗಂಡನ ಹೆಣ ಬೇಕು, ನಿಮಗೆ ನಮ್ಮನ್ನ ಓಡ್ಸೋಕೆ ಅದೇ ಹೆಣ ಬೇಕು. ಇಬ್ರಿಗೂ ಕೊಡಲ್ಲ. ಮನೆ ಉಳೀಬೇಕು ಅಂದ್ರೆ ರಿಪೇರಿ ಮಾಡಿ. ನಾವು ಒಳಗೇ ಇರ್ತೀವಿ."

ಟೈಲರ್ ನನ್ನ ಪಕ್ಕ ಬಂದು ನಿಂತ. ಆಮೇಲೆ ಮಿಕ್ಕವರೂ ಬಂದರು. ಇನ್ನೂ ಯಾರೂ ಖಾಲಿ ಮಾಡಿಲ್ಲ. ಮರವೂ ಬಂದಿಲ್ಲ. ಮೂಲೆಯಲ್ಲಿದ್ದ ಹಗ್ಗವನ್ನು ನಾನೇ ಮತ್ತೆ ಕಟ್ಟಿದೆ.

ಆ ಫೋಟೋವನ್ನು ದೊಡ್ಡದು ಮಾಡಿ ಗೇಟಿಗೆ ಹಾಕಿದ್ದಾರೆ. ಬಾಲ್ಕನಿಯಲ್ಲಿ ಬಟ್ಟೆ ಇಲ್ಲ, ಹಗ್ಗ ಇಲ್ಲ, ಒಂದು ನರಪಿಳ್ಳೆ ಇಲ್ಲ. ಅದನ್ನು ನೋಡಿ ಜನ ಬರುತ್ತಾರೆ. ತಾವೂ ಅಂಥದೇ ಫೋಟೋ ತೆಗೆಯಲು ಮಹಡಿ ಹತ್ತಿ ಹಗ್ಗ ಸಡಿಲಿಸಿ ಹೋಗುತ್ತಾರೆ.

ಬೆಳಿಗ್ಗೆ ಎದ್ದವಳು ಮೊದಲು ಬಾಲ್ಕನಿಗೆ ಹೋಗಿ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತೇನೆ. ಇವರ ಗಂಟು ನನಗೆ ಬರುವುದಿಲ್ಲ. ಕಂಬಕ್ಕೆ ಕಾಲು ಒತ್ತಿ ಎಳೆದು ನನಗೆ ಬಂದ ಹಾಗೆ ಬಿಗಿಯುತ್ತೇನೆ. ಆಮೇಲೆ ಒಲೆ ಹಚ್ಚುತ್ತೇನೆ.